ಪೆಂಡಿಂಗ್ ಉಳಿದ ಬೆಟ್ಟ

ಕತಾರಿನ ಅಲ್ ಖೋರ್‌ನಿಂದ ನಸುಕಿನಲ್ಲೇ ಹೊರಡುವ ಕಂಪನಿ ಬಸ್ಸಿನಲ್ಲಿ ನನ್ನದು ಎಡಗಡೆಯ ನಾಲ್ಕನೇ ಕಿಟಕಿ. ಕೂತು ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತದೆ. ಪೂರ್ತಿ ನಿದ್ದೆಯಲ್ಲ, ಪೂರ್ತಿ ಎಚ್ಚರವೂ ಅಲ್ಲ. ಆಗ ಹೊರಗಿನ ಬೂದು ಮರಳು ಮೆಲ್ಲಗೆ ಹಸಿರಾಗುತ್ತದೆ, ಏಸಿಯ ತಣ್ಣನೆ ಗಾಳಿಯಲ್ಲಿ ಮೆಕ್ಕೆಜೋಳದ ಹಿಟ್ಟು ಬೇಯುವ ವಾಸನೆ ಬರುತ್ತದೆ. ನಾನು ಮತ್ತೆ ಎಲ್ ಸಾಲ್ವಡಾರ್‌ನ ಬಸ್ಸಿನಲ್ಲಿರುತ್ತೇನೆ. ಮಧ್ಯ ಅಮೆರಿಕದ ಪುಟ್ಟ ದೇಶ ಅದು, ಕತಾರಿನಂಥ ಎರಡನ್ನು ಪಕ್ಕಪಕ್ಕ ಇಟ್ಟರೆ ಮುಗಿಯಿತು.

ಆಫೀಸಿನ ದಾಖಲೆ ವಿಭಾಗದಲ್ಲಿ ಇದ್ದವರು ನಾವಿಬ್ಬರೇ. ನಾನು ಉಡುಪಿ ಕಡೆಯವಳು, ಅವರು ಮೈಸೂರಿನವರು. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ್ದರಿಂದ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಯಾವುದೋ ಹಳೆಯ ಕ್ಯಾಲೆಂಡರಿನಲ್ಲಿ ಆ ದೇಶದ ಜ್ವಾಲಾಮುಖಿಯೊಂದರ ಬಾಯಿಯೊಳಗೆ ತುಂಬಿಕೊಂಡ ಕೆರೆಯ ಚಿತ್ರವಿತ್ತು. ನೀಲಿ ಎನ್ನೋಣವೆಂದರೆ ಹಸಿರು, ಹಸಿರು ಎನ್ನೋಣವೆಂದರೆ ನೀಲಿ. ಆ ಹಾಳೆಯನ್ನು ಕತ್ತರಿಸಿ ಜೆರಾಕ್ಸ್ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿದೆವು. ಬೆನ್ನಿಗೊಂದು ಚೀಲ, ಸಿಕ್ಕಿದ ಬಸ್ಸು, ಅಗ್ಗದ ಹಾಸಿಗೆ, ಹೀಗೆ ಇಬ್ಬರೂ ಹೋಗಿ ಆ ಬೆಟ್ಟ ಹತ್ತುವುದೆಂದು ನಾಲ್ಕು ವರ್ಷ ಮಾತಾಡಿದೆವು.

ಆದರೆ ನಮ್ಮದು ಒಬ್ಬರಿಗೊಬ್ಬರು ಬದಲಿ ನಿಲ್ಲುವ ಕೆಲಸ. ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಕುರ್ಚಿಯಲ್ಲಿ ಇರಲೇಬೇಕು. ಒಮ್ಮೆ ಧೈರ್ಯ ಮಾಡಿ ಮ್ಯಾನೇಜರನ್ನು ಕೇಳಿಯೂ ಬಿಟ್ಟೆವು. ಆತ ತಲೆಯೆತ್ತದೆ, "ಟೂ ಟುಗೆದರ್? ಮಾಫಿ" ಎಂದ. ಮಾಫಿ ಎಂದರೆ ಇಲ್ಲಿನ ಅರಬ್ಬಿಯಲ್ಲಿ 'ಇಲ್ಲ'. ಅಲ್ಲಿಗೆ ಖಲಾಸ್.

"ಹಿಂಗೇ ಕಾಯ್ತಾ ಕೂತ್ರೆ ಮುದುಕೀರಾಗ್ತೀವಿ ಕಣೇ. ನಾನು ಮೊದಲು ಹೋಗ್ಬರ್ತೀನಿ, ಮುಂದಿನ ವರ್ಷ ನೀನು ಹೋಗು," ಎಂದರು ಅಕ್ಕ.

ಹೋದರು. ಬಂದರು. ರಜೆಗೆ ಹೋಗುವಾಗ ಮುಂದಿನವರಿಗಾಗಿ ಹ್ಯಾಂಡ್‌ಓವರ್ ನೋಟ್ ಬರೆದಿಡುವುದು ನಮ್ಮ ರೂಢಿ. ಅಕ್ಕ ಬಂದ ಮೇಲೂ ಒಂದು ಬರೆದು ನನ್ನ ಮೇಜಿನ ಮೇಲಿಟ್ಟರು. ಅದೇ ಆಫೀಸು ಫಾರ್ಮು, ಅದೇ ಗುಂಡು ಅಕ್ಷರ. ಯಾವ ಊರಿನಲ್ಲಿ ಬಸ್ ಬದಲಿಸಬೇಕು, ಯಾವ ಹಾಸ್ಟೆಲಿನ ಮೇಲಿನ ಮಂಚಕ್ಕೆ ಕಿಟಕಿಯಿದೆ, ಯಾವ ಚರ್ಚಿನ ಮೆಟ್ಟಿಲ ಮೇಲೆ ಸಂಜೆ ಕೂತರೆ ಯಾರೂ ಏಳಿಸುವುದಿಲ್ಲ. ಕೊನೆಯಲ್ಲಿ, 'ಪೆಂಡಿಂಗ್' ಎಂಬ ಕಾಲಮ್ಮಿನಲ್ಲಿ ಒಂದೇ ಸಾಲು: "ಬೆಟ್ಟ ಹತ್ತಿಲ್ಲ. ಇಬ್ಬರೂ ಒಟ್ಟಿಗೆ."

ಓದಿ ಕಣ್ಣು ತುಂಬಿತು. ಅಷ್ಟು ದೂರ ಹೋಗಿ ನನಗಾಗಿ ಬೆಟ್ಟವನ್ನು ಬಿಟ್ಟು ಬಂದಿದ್ದರು.

ಮುಂದಿನ ವರ್ಷ ನಾನು ಹೊರಟೆ. ಗಲ್ಫಿನವರಿಗೆ ರಜೆ ಎಂದರೆ ಊರು, ಊರು ಎಂದರೆ ಹಗ್ಗ ಬಿಗಿದ ಕಾರ್ಟನ್. ಬೆನ್ನಿನ ಮೇಲೆ ಒಂದೇ ಚೀಲ ಹೊತ್ತು ದೋಹಾ ಏರ್‌ಪೋರ್ಟಿನಲ್ಲಿ ನಿಂತಾಗ ಏನೋ ಮರೆತು ಬಂದಂತೆ ಕೈ ಖಾಲಿ ಖಾಲಿ ಎನಿಸಿತು. ಊರಿಗೆ ಬರುವುದಿಲ್ಲ ಎಂದಿದ್ದಕ್ಕೆ ಅಮ್ಮ ಒಂದು ವಾರ ಫೋನ್ ಎತ್ತಲಿಲ್ಲ.

ಅಲ್ಲಿ ದಿನಗಳು ತೇಲಿಕೊಂಡು ಹೋದವು. ಬಣ್ಣ ಬಳಿದ ಹಳೆಯ ಶಾಲಾ ಬಸ್ಸುಗಳು, ಒಳಗೆ ಜೋರು ಹಾಡು, ಮಡಿಲಲ್ಲಿ ಯಾರದೋ ಕೋಳಿ. ಮೂರು ಹೊತ್ತೂ ಪುಪೂಸ ತಿಂದೆ. ನಮ್ಮ ಹೋಳಿಗೆಯ ಹಾಗೆ ಒಳಗೆ ಹೂರಣ, ಆದರೆ ಕಣಕ ಮೆಕ್ಕೆಜೋಳದ್ದು, ಹೂರಣ ಖಾರದ್ದು. ನೋಟಿನಲ್ಲಿದ್ದ ಮೆಟ್ಟಿಲ ಮೇಲೆಯೇ ಕೂತೆ, ಅದೇ ಮೇಲಿನ ಮಂಚದಲ್ಲಿ ಮಲಗಿದೆ. ಎಲ್ಲೇ ಹೋದರೂ ಅಕ್ಕ ಈಗಷ್ಟೇ ಎದ್ದು ಹೋದ ಜಾಗದಲ್ಲಿ ನಾನು ಕೂರುತ್ತಿದ್ದೇನೆ ಎನಿಸುತ್ತಿತ್ತು. ಒಬ್ಬಳೇ ಇದ್ದೆ, ಒಂಟಿಯಾಗಿರಲಿಲ್ಲ.

ಕೊನೆಯ ದಿನ ಬೆಟ್ಟದ ಬುಡಕ್ಕೆ ಹೋದೆ. ಹತ್ತುವುದಿಲ್ಲ, ಸುಮ್ಮನೆ ನೋಡಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಗೈಡ್ ಒಬ್ಬ ಹತ್ತಿಪ್ಪತ್ತು ಜನರನ್ನು ಕೂಡಿಸಿಕೊಂಡು ಹೊರಟ. ಅವರ ಹಿಂದೆ ನನ್ನ ಕಾಲೂ ಹೊರಟಿತು. ತಡೆಯಲಿಲ್ಲ, ಸುಳ್ಳೇಕೆ ಹೇಳಲಿ. ಮಂಜು, ಕತ್ತಾಳೆ, ಆಮೇಲೆ ಬರೀ ಬೋಳು ಕಲ್ಲು. ತುದಿಯಲ್ಲಿ ಮಂಜು ಸರಿದಾಗ ಕೆಳಗೆ ಆ ಕೆರೆ ಹೊಗೆಯಾಡುತ್ತಾ ಮಲಗಿತ್ತು, ನಮ್ಮ ಜೆರಾಕ್ಸ್ ಮೆಷಿನ್ನಿನ ಮೇಲಿದ್ದ ಅದೇ ಬಣ್ಣದಲ್ಲಿ. ಎಂಥ ಚೆಲುವು! ನೋಡುತ್ತಾ ನಿಂತವಳಿಗೆ ನನ್ನ ಮೇಲೇ ಅಸಹ್ಯವಾಯಿತು. ಅವರು ಕಾದರು, ನನಗೆ ಕಾಯಲಾಗಲಿಲ್ಲ.

ಇಳಿದು ಬಂದು ಬುಡದ ಅಂಗಡಿಯಲ್ಲಿ ಪುಪೂಸ ಕೇಳಿದೆ. ಹಿಟ್ಟು ತಟ್ಟುತ್ತಿದ್ದ ಅಜ್ಜಿ ನನ್ನ ಮುಖವನ್ನೇ ನೋಡಿ, "ಇಂಡಿಯಾ?" ಎಂದು ಕೇಳಿ, ಕೈ ಒರೆಸಿಕೊಂಡು ಒಂದು ದಪ್ಪ ನೋಟ್‌ಬುಕ್ ತೆಗೆದಳು. ಬೆಟ್ಟ ಹತ್ತಿ ಬಂದವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಏನಾದರೂ ಗೀಚಿಹೋಗುವ ಪುಸ್ತಕ. ಹಾಳೆ ಮಗುಚುತ್ತಾ ಮಗುಚುತ್ತಾ ಒಂದೆಡೆ ಬೆರಳಿಟ್ಟು ನನ್ನತ್ತ ತಿರುಗಿಸಿದಳು. ಸ್ಪ್ಯಾನಿಷ್ ಸಾಲುಗಳ ನಡುವೆ ಕನ್ನಡ. ಗುಂಡು ಅಕ್ಷರ.

"ಬಯ್ಯಬೇಡ ಕಣೇ, ತಡೆಯೋಕಾಗ್ಲಿಲ್ಲ. ನಿನಗೂ ಆಗಲ್ಲ ಅಂತ ಗೊತ್ತು."

ನಕ್ಕೆ, ಆಮೇಲೆ ಅತ್ತೆ. ಅಜ್ಜಿ ಇನ್ನೊಂದು ಪುಪೂಸ ಬಡಿಸಿದಳು. ಅಕ್ಕನ ಸಾಲಿನ ಕೆಳಗೆ "ಆಗಲಿಲ್ಲ" ಎಂದು ಬರೆದು ಬಂದೆ.

ಕತಾರಿಗೆ ಮರಳಿ ನಾನೂ ಒಂದು ನೋಟ್ ಬರೆದೆ. ಪೆಂಡಿಂಗ್ ಕಾಲಮ್ಮಿನಲ್ಲಿ ಬೆಟ್ಟವನ್ನು ಹಾಗೆಯೇ ಮುಂದುವರಿಸಿದೆ. ಅಕ್ಕ ಓದಿದರು, ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು, ಸಹಿ ಹಾಕಿ ಫೈಲಿಗೆ ಸೇರಿಸಿದರು.

ಕಳೆದ ಚಳಿಗಾಲದಲ್ಲಿ ಅವರ ಯಜಮಾನರ ಕಾಂಟ್ರಾಕ್ಟ್ ಮುಗಿಯಿತು. ಅಕ್ಕನೂ ರಾಜೀನಾಮೆ ಕೊಟ್ಟು ಮೈಸೂರಿಗೆ ಹೋದರು. ಎದುರಿನ ಕುರ್ಚಿಗೆ ಹೊಸಬರು ಬಂದರು. ಒಳ್ಳೆಯವರೇ, ಆದರೆ ಆ ಕುರ್ಚಿಯನ್ನು ನಾನು ಇಂದಿಗೂ ಅಕ್ಕನ ಕುರ್ಚಿ ಎಂದೇ ಕರೆಯುತ್ತೇನೆ. ಇನ್ನು ಆ ಬೆಟ್ಟದ ಕಥೆ ಮುಗಿಯಿತೆಂದುಕೊಂಡಿದ್ದೆ.

ಮೊನ್ನೆ ಬಸ್ಸಿನಲ್ಲಿ ಅದೇ ಅರೆನಿದ್ದೆ, ಅದೇ ಹಸಿರು. ತಟ್ಟನೆ ಏನೋ ಹೊಳೆದು ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

"ಅಕ್ಕ, ಈಗ ನನ್ನ ಲೀವಿಗೆ ನೀವು ಕೂರ್ಬೇಕು ಅಂತ ಇಲ್ಲ ಅಲ್ಲ?"



"ನಂಗೆ ಮಂಡಿ ಹೋಗಿದೆ ಕಣೇ," ಎಂದರು. "ಹತ್ತೋಕಾಗಲ್ಲ. ಕೆಳಗೆ ಆ ಅಜ್ಜಿ ಅಂಗಡೀಲಿ ಕೂತಿರ್ತೀನಿ, ನೀನು ಹತ್ಬಿಟ್ಟು ಬಾ."

"ನಾನು ಬಂದು ಎಲ್ಲ ಬರೆದು ಕೊಡ್ತೇನೆ ಅಕ್ಕ."

"ನೋಟೆಲ್ಲ ಬೇಡ. ಎದುರಿಗೇ ಇರ್ತೀನಲ್ಲ, ಬಾಯಲ್ಲೇ ಹೇಳು."

ಬಸ್ಸು ಆಫೀಸಿನ ಗೇಟು ಮುಟ್ಟಿತ್ತು. ಮೇಜಿಗೆ ಹೋದವಳೇ ರಜೆಯ ಫಾರ್ಮು ತೆಗೆದೆ. ಕಾರಣ ಎಂಬಲ್ಲಿ ಇಷ್ಟು ವರ್ಷ 'ಊರಿಗೆ' ಎಂದೇ ಬರೆದು ರೂಢಿ, ಬೆಟ್ಟಕ್ಕೆ ಹೋದ ವರ್ಷವೂ ಹಾಗೆಯೇ ಬರೆದಿದ್ದೆ. ಈ ಸಲ 'ಪೆಂಡಿಂಗ್ ಕೆಲಸ' ಎಂದು ಬರೆದು ಸಹಿ ಹಾಕಿದೆ.