ತಮ್ಮನ ಕಾಲು ಎತ್ತಿದ್ದು

ಅಥಣಿಯಲ್ಲಿ ನಮ್ಮದು ಚಪ್ಪಲಿ ಮಾಡುವ ಮನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಕೂತೆ. ಅಪ್ಪ ತೀರಿದ ಮೇಲೆ ತಮ್ಮ ನನ್ನ ಪಕ್ಕಕ್ಕೆ ಬಂದ. ಬೆಳಗಿನಿಂದ ಸಂಜೆವರೆಗೆ ಮೊಣಕಾಲು ಮಡಚಿ, ತೊಗಲನ್ನು ಕಾಲಲ್ಲಿ ಅದುಮಿ ಹಿಡಿದು ಹೊಲಿಯುವುದು. ನನಗೆ ಅದು ಒಗ್ಗಿತ್ತು. ಇಪ್ಪತ್ತರ ಹುಡುಗ, ಅವನಿಗೆ ಮಾತ್ರ ಮಿಲಿಟರಿ ಸೇರಬೇಕಿತ್ತು. ನಸುಕಿನಲ್ಲಿ ಎದ್ದು ಮಿರಜ ರಸ್ತೆಯಲ್ಲಿ ಓಡುತ್ತಿದ್ದ. ಹಿಂದಿನ ಸಲ ಬೆಳಗಾವಿಯ ಸೈನ್ಯ ಭರ್ತಿಯಲ್ಲಿ ಓಟದ ನಡುವೆಯೇ ತೊಡೆಯ ಹಿಂಭಾಗ ಹಿಡಿದುಕೊಂಡು ಕೂತುಬಿಟ್ಟಿದ್ದ. ಇನ್ನೊಂದೇ ಅವಕಾಶ ಉಳಿದಿತ್ತು. ಅದು ತಪ್ಪಿದರೆ ವಯಸ್ಸು ಮೀರುತ್ತಿತ್ತು.

ಮಿರಜಿನ ದವಾಖಾನೆಗೆ ಕರೆದುಕೊಂಡು ಹೋದೆ. ವ್ಯಾಯಾಮ ಕಲಿಸುವ ಮೇಡಂ ಅವನನ್ನು ಅಂಗಾತ ಮಲಗಿಸಿ, ಮೊಣಕಾಲು ನೆಟ್ಟಗಿಟ್ಟು ಒಂದು ಕಾಲು ಎತ್ತಿದರು. ಅದು ಅರ್ಧಕ್ಕೇ ನಿಂತಿತು.

"ಕೂತ ಕೂತ ತೊಡಿ ಹಿಂದಿನ ಸ್ನಾಯು ಬಿಗದಾವ," ಎಂದು ಹಿಮ್ಮಡಿಯನ್ನು ನನ್ನ ಕೈಗೆ ಕೊಟ್ಟರು. "ಸಾವಕಾಶ ಎತ್ರಿ. ಜಗ್ಗತೈತಿ ಅಂದಕೂಡ್ಲೆ ನಿಲ್ಲಸ್ರಿ. ಅಲ್ಲೇ ಹಿಡಕೊಂಡ ಮೂವತ್ತ ಎಣಸ್ರಿ. ಅಂವ ಉಸರ ಬಿಡಕೋತ ಇರಬೇಕ. ಮೂರ ಸಲ ಈ ಕಾಲ, ಮೂರ ಸಲ ಆ ಕಾಲ. ಒಮ್ಮೆಲೆ ಝಟಕಾ ಮಾತ್ರ ಕೊಡಬ್ಯಾಡ್ರಿ, ಸ್ನಾಯು ಹರಿತೈತಿ."

"ಎಷ್ಟ ದಿನಕ್ಕ ಸಡಲ ಆಗತೈತ್ರಿ?"

"ಒಂದೂವರಿ ತಿಂಗಳರ ಬೇಕ."

ಭರ್ತಿಗೆ ಒಂದು ತಿಂಗಳಷ್ಟೇ ಇತ್ತು.

ದಿನಾ ಸಂಜೆ ಅವನು ಓಣಿಯಲ್ಲಿ ಎರಡು ಸುತ್ತು ನಡೆದು ಬಂದು ಗೋಣಿತಟ್ಟಿನ ಮೇಲೆ ಮಲಗುತ್ತಿದ್ದ. ನಾನು ಕಾಲೆತ್ತಿ ಎಣಿಸುತ್ತಿದ್ದೆ. ಹಿಮ್ಮಡಿ ಎಲ್ಲಿಯವರೆಗೆ ಏರಿತೆಂದು ಗೋಡೆಗೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ.

"ಅಣ್ಣಾ, ಎಣಸೂದರಾಗ ಹದಿನೆಂಟರಿಂದ ಇಪ್ಪತ್ತೈದಕ್ಕ ಜಿಗದಿ. ನಿನ್ನ ಮಾಸ್ತರ ಯಾರೋ?"

"ಸುಮ್ಮ ಮಲಕೋ."

ಮೂರು ವಾರದಲ್ಲಿ ಗೆರೆ ನಾಲ್ಕು ಬೆರಳು ಏರಿ ನಿಂತುಬಿಟ್ಟಿತು. ಇನ್ನು ಎಂಟು ದಿನ. ಅವನು ನಗುವುದು ಕಡಿಮೆಯಾಯಿತು. ಕೆಲಸದ ನಡುವೆ ಎದ್ದು ಹೋಗಿ ಆ ಗೆರೆ ನೋಡಿ ಬರುತ್ತಿದ್ದ. ಒಣ ತೊಗಲು ಮಾತು ಕೇಳುವುದಿಲ್ಲ. ನೆನೆಹಾಕಿ ಮೈಭಾರ ಬಿಟ್ಟು ಜಗ್ಗಿದರೆ ಕೇಳುತ್ತದೆ, ಜಗ್ಗಿದಷ್ಟಕ್ಕೇ ನಿಲ್ಲುತ್ತದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಮನುಷ್ಯನ ಮೈಯೂ ಹಾಗೇ ಎಂದುಕೊಂಡೆ.

ಆ ಸಂಜೆ ಬಿಸಿನೀರಿನ ಅರಿವೆ ಇಟ್ಟು ತೊಡೆ ಕಾಸಿದೆ, ಎಣ್ಣೆ ತಿಕ್ಕಿದೆ. "ಇವತ್ತೇನ ಮದುಮಗನ ಸೇವಾ ನಡಸೀದಿ?" ಎಂದು ನಕ್ಕ. ಕಾಲೆತ್ತಿದೆ.

"ಸಾಕ ಅಣ್ಣಾ, ಜಗ್ಗಾಕತ್ತೈತಿ."

"ಇನ್ನೊಂದೀಟ."

"ಸಾಕ ಅಂದ್ನೆಲ್ಲಾ..."

ಅವನ ಹಿಮ್ಮಡಿಯ ಕೆಳಗೆ ಭುಜ ಕೊಟ್ಟು ಒಮ್ಮೆಲೇ ಮೈಭಾರ ಬಿಟ್ಟೆ. ಒಳಗೆ ಏನೋ ಪಟ್ಟೆಂದದ್ದು ನನ್ನ ಭುಜಕ್ಕೇ ತಿಳಿಯಿತು. ಅವನು ಚೀರಿದ.

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಾತೋ?"

ಅವನು ಬಾಯಿ ತೆರೆಯುವ ಮೊದಲೇ ನಾನಂದೆ: "ಮುಂಜಾನಿ ಓಡೂಮುಂದ ಹಿಡದಿತ್ತಂತ. ಈಗ ಹೆಚ್ಚಾಗೈತಿ."

ತಮ್ಮ ನನ್ನ ಮುಖ ನೋಡಿದ. ತೊಡೆ ಹಿಡಿದುಕೊಂಡು ಗೋಡೆಯತ್ತ ಹೊರಳಿದ.

ಎರಡು ದಿನಕ್ಕೆ ತೊಡೆಯಿಂದ ಮೊಣಕಾಲಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತು. ಮತ್ತೆ ಮಿರಜಿಗೆ ಹೋದೆವು. ಮೇಡಂ ನೋಡಿದವರೇ ನನ್ನತ್ತ ತಿರುಗಿದರು. "ಝಟಕಾ ಕೊಟ್ಟೀರೇನ್ರಿ?"

"ಇಲ್ರಿ. ಓಡಿದ್ದಕ್ಕ ಆಗೈತ್ರಿ."

ಅವನನ್ನು ಕೇಳಿದರು. "ಹೌದ್ರಿ, ಓಡಿದ್ದಕ್ಕ," ಎಂದ, ನೆಲ ನೋಡುತ್ತ.

ನಾನು ಯಾಕೆ ಸುಳ್ಳು ಹೇಳಿದೆ? ಅವನು ಹೋದರೆ ಇಷ್ಟು ಕೆಲಸ ಒಬ್ಬನೇ ಹೇಗೆ ಮಾಡಲಿ ಎಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ಅವ್ವನಿಗೂ ಅದು ಗೊತ್ತಿತ್ತು. ನಿಜ ಹೇಳಿದ್ದರೆ, ತಮ್ಮನನ್ನು ಮನೆಯಲ್ಲೇ ಉಳಿಸಿಕೊಳ್ಳಲು ನಾನೇ ಕಾಲು ಮುರಿದೆ ಎಂದುಕೊಳ್ಳುತ್ತಿದ್ದಳು. ಅದು ಸುಳ್ಳೆಂದು ಎದೆ ಮುಟ್ಟಿ ಹೇಳಲು ಇವತ್ತಿಗೂ ನನಗಾಗುವುದಿಲ್ಲ. ಆ ಗಳಿಗೆಯಲ್ಲಿ ಭುಜ ಕೊಟ್ಟದ್ದು ಅವನು ಭರ್ತಿಯಾಗಲಿ ಎಂಬ ಆಸೆಯೋ, ನನ್ನ ಹೆದರಿಕೆಯೋ, ಎಷ್ಟು ಯೋಚಿಸಿದರೂ ಬಿಡಿಸಲು ಬರುವುದಿಲ್ಲ.

ಭರ್ತಿಯ ದಿನ ಓಣಿಯ ಹುಡುಗರನ್ನು ಬಸ್ಸು ಹತ್ತಿಸಿ ತಮ್ಮ ಕುಂಟುತ್ತ ಬಂದ. ಒಂದು ಕಾಲು ಚಾಚಿ ನನ್ನ ಪಕ್ಕದಲ್ಲಿ ಕೂತು ಉಳಿ ಕೈಗೆತ್ತಿಕೊಂಡ.

ಅವ್ವ ಹೊಸ್ತಿಲಲ್ಲಿ ನಿಂತು ಬೈಯತೊಡಗಿದಳು. "ಅಣ್ಣ ಅಷ್ಟ ಕಾಳಜಿ ಮಾಡ್ಯಾನ, ದಿನಾ ಸಂಜಿಕ ಕಾಲ ಹಿಡದಾನ. ಎಂಟ ದಿನ ಓಡೂದ ಬಿಟ್ಟಿದ್ರ ಏನಾಗತಿತ್ತೋ ನಿನಗ? ನಿನ್ನ ಕಾಲ ನೀನ ಕೆಡಿಸಿಕೊಂಡಿ."

ತಮ್ಮ ತಲೆ ಎತ್ತಲಿಲ್ಲ. "ಹೌದ ಬೇ, ನಂದ ತಪ್ಪ," ಎಂದ.

ನಾನು ಹೊಲಿಯುತ್ತಲೇ ಇದ್ದೆ.