ಎಡಗೈಯಲ್ಲಿ ಕೊಟ್ಟ ನೀರು

ಪಾಂಡವಪುರದ ಕಾಲೇಜೊಂದರಲ್ಲಿ ನಾನು ಹುಡುಗ ಹುಡುಗಿಯರಿಗೆ ಇಂಟರ್‌ವ್ಯೂಗೆ ಹೋಗುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಕೈ ಕಟ್ಟಿಕೊಂಡು ಕೂರಬೇಡಿ, ಕಾಲು ಕುಣಿಸಬೇಡಿ, ಬಾಯಿ ಹೇಳದ್ದನ್ನು ಮೈ ಹೇಳುತ್ತದೆ. ಹತ್ತು ವರ್ಷದಿಂದ ಇದನ್ನೇ ಒದರಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಅವ್ವನ ಮೈ ಒಂದು ಇಡೀ ಬೆಳಿಗ್ಗೆ ಹೇಳುತ್ತಿದ್ದದ್ದು ಮಾತ್ರ ನನಗೆ ತಿಳಿಯಲಿಲ್ಲ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ, ಮೊದಲು ನನ್ನ ಮೇಲೆ, ಆಮೇಲೆ ಉಳಿದವರೆಲ್ಲರ ಮೇಲೆ.

ಅವತ್ತು ಪಿತೃಪಕ್ಷದ ಹಬ್ಬ. ನಾಗಮಂಗಲ ದಾರಿಯಲ್ಲಿರುವ ನಮ್ಮೂರ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡಬೇಕು. ಎಡೆ ಇಡುವವರು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಶೀಳನೆರೆಯಿಂದ ಬರುತ್ತಾರೆ. ಅವರು ಬಂದರೆ ಅವ್ವ ಹೇಗಿರಬೇಕು ಅನ್ನುವುದು ನಾನು ಹುಟ್ಟುವ ಮೊದಲೇ ತೀರ್ಮಾನವಾಗಿದೆ. ಭಾವನ ಎದುರು ಕೂರುವಂತಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲಬೇಕು. ಮಾತಾಡುವಂತಿಲ್ಲ, ಏನಾದರೂ ಹೇಳುವುದಿದ್ದರೆ ಅಪ್ಪನ ಕಿವಿಯಲ್ಲೋ ನನ್ನ ಕಿವಿಯಲ್ಲೋ ಪಿಸುಗುಟ್ಟಬೇಕು. ಅವ್ವ ಈ ಮನೆಗೆ ಬಂದು ನಲವತ್ತು ವರ್ಷವಾಗುತ್ತಾ ಬಂದರೂ ಅವಳ ದನಿ ಹೇಗಿದೆ ಅಂತ ದೊಡ್ಡಪ್ಪನಿಗೆ ಗೊತ್ತಿಲ್ಲ. ನಮ್ಮ ಕಡೆ ಇದಕ್ಕೆ ಮರ್ಯಾದೆ ಅನ್ನುತ್ತಾರೆ. ನೆಂಟರ ಬಾಯಲ್ಲಿ ಅವ್ವನಿಗೆ ಸಿಗುವ ಹೊಗಳಿಕೆಯೂ ಇದೊಂದೇ.

ನಾನು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ದೊಡ್ಡಪ್ಪ, ದೊಡ್ಡವ್ವ, ಇನ್ನೂ ಏಳೆಂಟು ಜನ ಆಗಲೇ ಬಂದು ಕೂತಿದ್ದರು. ಕತ್ತಲಿರುವಾಗಲೇ ಎದ್ದು ಮಟನ್ ತರಲು ಹೋಗಿದ್ದ ಅಪ್ಪನೂ ನನ್ನ ಹಿಂದೆಯೇ ಬಂದ. ಅವ್ವ ಸೆರಗನ್ನು ತಲೆ ಮೇಲಿಂದ ಎಳೆದು, ಬಾಯಿ ಮುಚ್ಚುವ ಹಾಗೆ ಹೆಗಲಿಗೆ ಸಿಕ್ಕಿಸಿಕೊಂಡಿದ್ದಳು. ಬಲಗೈ ಸೆರಗಿನೊಳಗಿತ್ತು. ಒಂದು ತಂಬಿಗೆ ನೀರು ತಂದು ಜಗಲಿಯ ಅಂಚಿಗಿಟ್ಟಳು. ಎಡಗೈಯಲ್ಲಿ.

ದೊಡ್ಡಪ್ಪ ತಂಬಿಗೆ ಮುಟ್ಟಲಿಲ್ಲ. ಅಪ್ಪನ ಕಡೆ ತಿರುಗಿ, "ಏನ್ಲಾ, ನಿನ್ ಮನೇಲಿ ಎಡಗೈಲಿ ನೀರ್ ಕೊಡದ ಯಾವಾಗ ಕಲ್ತ್ರಿ" ಅಂದರು.

ಅಪ್ಪನಿಗೆ ಅಣ್ಣನ ಮುಂದೆ ಮರ್ಯಾದೆ ಹೋದಂತಾಯಿತು. "ಬುದ್ಧಿ ಗಿದ್ಧಿ ಅದಾ ನಿಂಗೆ? ಹಬ್ಬದ್ ದಿನ ಇಂಗಾ ಮಾಡದು?" ಅಂತ ಅವ್ವನ ಮೇಲೆ ರೇಗಿದ.

ಓದಿದವಳು, ಪಾಠ ಹೇಳುವವಳು, ನಾನೇನು ಮಾಡಿದೆ? ಆ ತಂಬಿಗೆ ಎತ್ತಿಕೊಂಡು ಹೋಗಿ ಬೇರೆ ನೀರು ತುಂಬಿ, ಬಲಗೈಯಲ್ಲಿ ತಂದುಕೊಟ್ಟೆ. ಆಮೇಲೆ ಒಳಗೆ ಹೋಗಿ, "ಒಂದ್ ದಿನಕ್ಕೆ ಯಾಕವ್ವ ಅವರ ಕೈಲಿ ಅನ್ನಿಸ್ಕೊತೀಯ?" ಅಂತ ಅವ್ವನನ್ನೇ ಗದರಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಗಂಟಲಲ್ಲಿ ಏನೋ ಸದ್ದು ಬಂತು, ಮಾತು ಬರಲಿಲ್ಲ. ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ಕಾಲೆಳೆಯುತ್ತಾ ಒಲೆಯ ಕಡೆ ಹೋದಳು. ಮಂಡಿನೋವು ಅಂದುಕೊಂಡೆ. ಗೋಡೆಗೆ ಒರಗಿದಳು. ಪಕ್ಕದಲ್ಲಿ ವಡೆ ತಟ್ಟುತ್ತಿದ್ದ ದೊಡ್ಡವ್ವ, "ಉಪಾಸ ಕಣವ್ವ, ಎಡೆ ಆಗಗಂಟ ಏನೂ ತಿನ್ನಂಗಿಲ್ವಲ್ಲ, ಸುಸ್ತು" ಅಂದರು. ಅದಕ್ಕೂ ಹೂಂ ಅಂದೆ.

ಯಾರೂ ಗಮನಿಸಲಿಲ್ಲ ಅಂತ ಮಾತ್ರ ಹೇಳಬೇಡಿ. ಎಲ್ಲರೂ ಗಮನಿಸಿದ್ದರು! ಇಂಥ ಮನೆಗಳಲ್ಲಿ ಸೊಸೆಯಾದವಳ ಸೆರಗು ಒಂದು ಬೆರಳಷ್ಟು ಜಾರಿದರೂ ಹತ್ತು ಕಣ್ಣು ನೋಡುತ್ತವೆ. ಯಾವ ಕೈಯಲ್ಲಿ ಕೊಟ್ಟಳು, ಎಲ್ಲಿ ನಿಂತಳು, ತಲೆ ತಗ್ಗಿಸಿದಳಾ, ಎಲ್ಲಕ್ಕೂ ಲೆಕ್ಕವಿದೆ. ಆ ಕೈಗೆ, ಆ ಕಾಲಿಗೆ ಏನಾಗಿದೆ ಅಂತ ಕೇಳುವ ಅಭ್ಯಾಸವೊಂದು ಇಲ್ಲ.

ಮಧ್ಯಾಹ್ನ ಎಡೆ ಇಟ್ಟರು. ಧೂಪ ಹಾಕಿದರು. ಒಬ್ಬೊಬ್ಬರಾಗಿ ಎಡೆಗೆ ಅಡ್ಡಬಿದ್ದು ಎದ್ದೆವು. ಕೊನೆಗೆ ಅವ್ವ ಬಂದು ಮಂಡಿಯೂರಿದಳು, ಹಣೆ ನೆಲಕ್ಕೆ ಹಚ್ಚಿದಳು. ಹಚ್ಚಿದವಳು ಏಳಲಿಲ್ಲ.

"ನೋಡ್ರವ್ವ, ಅತ್ತೆ ಮಾವನ್ ಮೇಲೆ ಎಷ್ಟು ಭಕ್ತಿ" ಅಂದರು ದೊಡ್ಡವ್ವ. ಯಾರೋ ಲೊಚಗುಟ್ಟಿದರು. ಧೂಪದ ಹೊಗೆಯಲ್ಲಿ ಎಲ್ಲರೂ ಕೈಮುಗಿದು ಆ ಭಕ್ತಿಯನ್ನು ನೋಡುತ್ತಾ ನಿಂತಿದ್ದೆವು. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ನಾನು ಬಗ್ಗಿ ಹೆಗಲು ಮುಟ್ಟಿದಾಗ ಅವ್ವ ಒಂದು ಪಕ್ಕಕ್ಕೆ ಉರುಳಿದಳು. ಸೆರಗು ಸರಿಯಿತು. ಬಾಯಿ ಎಡಕ್ಕೆ ಎಳೆದುಕೊಂಡು ಹೋಗಿತ್ತು, ಜೊಲ್ಲು ಸುರಿದು ರವಿಕೆಯೆಲ್ಲ ಒದ್ದೆಯಾಗಿತ್ತು. ಅದು ಆಗಷ್ಟೇ ಸುರಿದ ಜೊಲ್ಲಲ್ಲ. ಒಣಗಿ, ಮತ್ತೆ ಸುರಿದು, ಮತ್ತೆ ಒಣಗಿದ ಗುರುತಿತ್ತು.

ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ನೋಡಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಲಕ್ವ ಹೊಡೆದಿದೆ ಅಂದರು. ಮೆದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸಲು ಒಂದು ಇಂಜೆಕ್ಷನ್ ಇದೆ, ಆದರೆ ಶುರುವಾಗಿ ಕೆಲವೇ ಗಂಟೆಯೊಳಗೆ ಕೊಡಬೇಕು, ಹೊತ್ತು ಮೀರಿದ ಮೇಲೆ ಕೊಟ್ಟರೆ ಜೀವಕ್ಕೇ ಅಪಾಯ ಅಂತ ಬಿಡಿಸಿ ಹೇಳಿದರು. ಆಮೇಲೆ ಪೆನ್ನು ಹಿಡಿದು ಕೇಳಿದರು: "ಇವರಿಗೆ ಯಾವಾಗಿಂದ ಮಾತು ನಿಂತಿದೆ?"

ಅಪ್ಪ ನನ್ನ ಮುಖ ನೋಡಿದ. ನಾನು ದೊಡ್ಡವ್ವನ ಮುಖ ನೋಡಿದೆ. ಹತ್ತು ಹನ್ನೆರಡು ಜನ ಬೆಳಿಗ್ಗೆಯಿಂದ ಒಂದೇ ಮನೆಯಲ್ಲಿ ಇದ್ದೆವು.

ಡಾಕ್ಟರು ಮತ್ತೊಮ್ಮೆ ಕೇಳಿದಾಗ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದರು. ಸಹಾಯ ಮಾಡಬೇಕು ಅಂತಲೇ ಬಂದದ್ದು, ಅದರಲ್ಲಿ ಸುಳ್ಳಿಲ್ಲ.

"ನಮ್ ಎದುರ್ಗೆ ಯಾವತ್ತೂ ಮಾತಾಡಿಲ್ಲ ಕಣವ್ವ" ಅಂದರು. "ಬಾಳ ಒಳ್ಳೆ ಎಣ್ಮಗಳು."

ಮಂಚದ ಮೇಲೆ ಅವ್ವ ಕಣ್ಣು ಬಿಟ್ಟುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಡಾಕ್ಟರು ಹಾಳೆಯಲ್ಲಿ ‘ಗೊತ್ತಿಲ್ಲ’ ಅಂತ ಬರೆದರು. ಆ ಇಂಜೆಕ್ಷನ್ ಕೊಡಲಿಲ್ಲ.