ನೀರು ಹಾಕಿದ ಭೀಮಕ್ಕ

ಚನ್ನಗಿರಿಯ ಆ ಐದಂತಸ್ತಿನ ಬ್ಯಾಂಕ್ ಕಟ್ಟಡ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಬಣ್ಣವಿಲ್ಲ, ಕಮಾನಿಲ್ಲ, ಬರೀ ಸಿಮೆಂಟು, ಸಾಲುಸಾಲು ಅಡ್ಡಪಟ್ಟಿ. ಯಾರೋ ಆರ್ಕಿಟೆಕ್ಟ್ ಬಂದು ‘ಇದೇ ಹೊಸ ಕಾಲ’ ಅಂದನಂತೆ, ನಮ್ಮವರು ಕೋಲೆಬಸವನ ಹಾಗೆ ತಲೆಯಾಡಿಸಿದರಂತೆ. ಆದರೂ ಅದನ್ನು ಕೆಡವಲು ಬ್ಯಾಂಕಿನವರು ಹೇಳಿದ ಸುಳ್ಳನ್ನು ನಾನು ಕ್ಷಮಿಸುವುದಿಲ್ಲ. ಆ ಸುಳ್ಳು ಹೋಗಿ ಬಿದ್ದದ್ದು ಭೀಮಕ್ಕನ ತಲೆಯ ಮೇಲೆ.

ನಲ್ಲೂರಿನ ಭೀಮಕ್ಕನಿಗೆ ಈಗ ಅರವತ್ತೈದು. ನಲವತ್ತು ವರ್ಷದ ಹಿಂದೆ ಆ ಕಟ್ಟಡ ಏಳುವಾಗ ಚಾವಣಿಗಳಿಗೆ ನೀರು ಹಾಕುವ ಕೆಲಸ ಅವಳೊಬ್ಬಳದೇ. ಕಾಂಕ್ರೀಟ್ ಹಾಕಿದ ಮರುದಿನ, ಭತ್ತದ ಮಡಿಗೆ ಕಟ್ಟುವ ಹಾಗೆ ಅದರ ಮೇಲೆ ಪುಟ್ಟ ಬದು ಕಟ್ಟಿ, ಕೊಡದಲ್ಲಿ ನೀರು ಹೊತ್ತು ತುಂಬಿಸುವಳು. ಕಾಂಕ್ರೀಟ್ ಗಟ್ಟಿಯಾಗಬೇಕಾದರೆ ಇಪ್ಪತ್ತೊಂದು ದಿನ ಒಣಗುವಂತಿಲ್ಲ. ಐದನೇ ಚಾವಣಿಗೆ ಹನ್ನೆರಡೇ ದಿನಕ್ಕೆ ಬದು ಒಡೆಸಲು ಬಂದ ಆಗಿನ ಮ್ಯಾನೇಜರ್‌ಗೆ, “ಬಾಣಂತೀನ ಅರ್ಧಕ್ಕೆ ಎಬ್ಬಿಸ್ತಾರೇನ್ರೀ? ಉದ್ಘಾಟನೆ ಮುಂದಕ್ಕೆ ಹಾಕ್ರಿ” ಎಂದು ನೀರಿನ ಪಕ್ಕದಲ್ಲೇ ಕೂತಳಂತೆ. ಉದ್ಘಾಟನೆ ಮುಂದಕ್ಕೆ ಹೋಯಿತು. ಅಂದಿನಿಂದ ಮನೆ ಕಟ್ಟುವವರೆಲ್ಲ ಭೀಮಕ್ಕನನ್ನೇ ಕರೆದರು. ಅವಳ ಅನ್ನ ನಡೆದದ್ದು ಆ ಹೆಸರಿನಿಂದ.

ಈ ವರ್ಷ ಬ್ಯಾಂಕಿಗೆ ಗಾಜಿನ ಕಟ್ಟಡದ ಹುಚ್ಚು ಹತ್ತಿತು. ಕೆಡವಲು ನೆಪ ಬೇಕಲ್ಲ, ಕಟ್ಟಡದ ಮುಂದೆ ಬೋರ್ಡ್ ನೆಟ್ಟರು: ‘ಸರಿಯಾಗಿ ಕ್ಯೂರಿಂಗ್ ಮಾಡದ ಕಾರಣ ಕಟ್ಟಡ ಶಿಥಿಲಗೊಂಡಿದೆ.’ ಕ್ಯೂರಿಂಗ್ ಅಂದರೆ ನೀರು ಹಾಕುವುದೆಂದು ಊರಿಗೆಲ್ಲ ಗೊತ್ತು. ಸಂತೆಯಲ್ಲಿ ಜನ ಕಿಚಾಯಿಸಿದರು: “ಏನ್ ಭೀಮಕ್ಕ, ನೀರು ಹಾಕಿದ್ಯೋ, ಎಳ್ಳುನೀರು ಬಿಟ್ಯೋ?” ಹೊಸ ಮನೆ ಕಟ್ಟಿಸುತ್ತಿದ್ದ ಗಾದ್ರಪ್ಪ, ನೀನು ಬರುವುದು ಬೇಡ ಎಂದು ಹೇಳಿ ಕಳುಹಿಸಿದ. ಥೂ, ಎಂಥ ಜನ!

ಭೀಮಕ್ಕ ನೇರವಾಗಿ ಈಗಿನ ಮ್ಯಾನೇಜರ್ ವಿನೋದ್ ಹತ್ತಿರ ಹೋದಳು.

“ಬೋರ್ಡಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ, ಅಜ್ಜಿ” ಅಂದ ಅವನು.

“ನೀರು ಹಾಕಿದೋಳು ನಾನೊಬ್ಳೇ. ಹೆಸರು ಬೇರೆ ಬರೀಬೇಕೇನ್ರೀ? ಅದನ್ನ ತೆಗೆಸ್ರಿ.”

ತೆಗೆಸಲಿಲ್ಲ. ಅಂಥವರಿಗೆ ನಾಚಿಕೆ ಎಲ್ಲಿಂದ ಬರಬೇಕು?

ಒಡೆಯುವ ಕೆಲಸ ಮೇಲಿನಿಂದ ಶುರುವಾಯಿತು. ಎರಡು ದಿನದಲ್ಲಿ ಮುಗಿಯಬೇಕಿದ್ದ ಐದನೇ ಚಾವಣಿ ವಾರ ಕಳೆದರೂ ಜಗ್ಗಲಿಲ್ಲ. ಎಂಟನೇ ದಿನ ಯಂತ್ರದ ಮೂರನೇ ಉಳಿಯೂ ಮುರಿಯಿತು. ಯಂತ್ರ ನಡೆಸುವ ಕೊಟ್ರೇಶ್ ಕೆಂಡವಾಗಿ ಕೆಳಗಿಳಿದು ಬಂದು ಉಳಿಯ ತುಂಡನ್ನು ಮ್ಯಾನೇಜರ್ ಮುಂದೆ ಎಸೆದ.

“ಶಿಥಿಲವಂತೆ ಶಿಥಿಲ! ಯಾವ ಹಾಳಾದೋರು ಇದಕ್ಕೆ ಇಷ್ಟು ನೀರು ಕುಡಿಸಿದಾರೋ, ಕಲ್ಲಾಗೈತೆ!”

ರಸ್ತೆಯಲ್ಲಿ ನೋಡುತ್ತ ನಿಂತಿದ್ದ ಭೀಮಕ್ಕ ಬಂದು ಅವನ ರಟ್ಟೆ ಹಿಡಿದಳು.

“ಆ ಹಾಳಾದೋಳು ನಾನೇ ಕಣಪ್ಪ. ಬಾ, ಈ ಬೋರ್ಡಿನ ಮುಂದೆ ನಿಂತ್ಕಂಡು ಇನ್ನೊಂದ್ಸಲ ಬೈಯಿ. ಜೋರಾಗಿ ಬೈಯಿ.”